ಆಟದ ಕರಾರಿನಲ್ಲಿ ‘ನೀವು’ ಅಂದರೆ ಯಾರು?

ಅಕ್ಕನ ಮನೆ ಯಲಹಂಕ ನ್ಯೂಟೌನಿನಲ್ಲಿದೆ. ತಿಂಗಳಿಗೊಂದು ಭಾನುವಾರ ಆರ್.ಟಿ. ನಗರದಿಂದ ಹೆಬ್ಬಾಳದ ಮೇಲ್ಸೇತುವೆ ದಾಟಿ ಅಲ್ಲಿಗೆ ಹೋಗಿ ಉಂಡು ಬರುವುದು ನನ್ನ ರೂಢಿ. ಕಳೆದ ಮಳೆಗಾಲದಲ್ಲಿ ಹಾಗೆ ಹೋದಾಗ, ಎಲೆ ಹಾಕುವ ಮೊದಲೇ ಅಕ್ಕನ ಮಗ ಫೋನು ಹಿಡಿದುಕೊಂಡು ಬಂದ. ಹತ್ತನೇ ಕ್ಲಾಸಿನ ಹುಡುಗ. ಮುಖ ಸಣ್ಣದಾಗಿತ್ತು.

“ಮಾಮ, ಇದನ್ನ ಸ್ವಲ್ಪ ಓದಿ ಹೇಳಿ. ಏನಂತ ಬರ್ದಿದಾರೆ ಅಂತಾನೇ ಗೊತ್ತಾಗ್ತಿಲ್ಲ.”

ತೆರೆಯ ಮೇಲೆ ಎರಡೇ ಸಾಲಿನ ಇಂಗ್ಲಿಷ್ ಸಂದೇಶ. ಪರವಾನಗಿ ಒಪ್ಪಂದದ ಇಂಥ ಕಲಮನ್ನು ಉಲ್ಲಂಘಿಸಿದ್ದರಿಂದ ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ ಎಂಬುದು ಅದರ ಸಾರ. ಹುಡುಗ ಇಂಗ್ಲಿಷ್ ಮೀಡಿಯಮ್ಮಿನವನು. ನನಗಿಂತ ಚೆನ್ನಾಗಿ ಇಂಗ್ಲಿಷ್ ಬಲ್ಲ. ಒಂದೊಂದು ಪದವೂ ಅವನಿಗೆ ಗೊತ್ತಿತ್ತು, ಅರ್ಥ ಮಾತ್ರ ಸಿಕ್ಕಿರಲಿಲ್ಲ.

ಆ ಆಟದ ಹೆಸರು ಇಲ್ಲಿ ಬೇಡ. ಊರು ಕಟ್ಟುವ ಆಟ ಅಂದರೆ ಸಾಕು. ಭಾವ ದೋಹಾದಲ್ಲಿ ಕೆಲಸದಲ್ಲಿದ್ದಾರೆ. ಮೂರು ವರ್ಷದಿಂದ ಅಪ್ಪ ಮಗ ಒಂದೇ ಖಾತೆಯಲ್ಲಿ ಒಂದೇ ಊರನ್ನು ಕಟ್ಟುತ್ತಿದ್ದರು. ಮಗ ಸ್ಕೂಲು ಮುಗಿಸಿ ಬಂದು ಒಂದಷ್ಟು ಕಟ್ಟುವನು. ರಾತ್ರಿ ಪಾಳಿ ಮುಗಿಸಿದ ಅಪ್ಪ ಅದೇ ಖಾತೆಗೆ ಹೋಗಿ ಹೊಲಕ್ಕೆ ನೀರು ಬಿಟ್ಟು, ಒಂದು ಗೋಡೆ ಎಬ್ಬಿಸಿ, ಊರ ಬಾಗಿಲಿನ ಹಲಗೆಯ ಮೇಲೆ ಮಗನಿಗೆ ಒಂದು ಸಾಲು ಬರೆದಿಟ್ಟು ಬರುವರು. ಊಟ ಮಾಡಿದೆಯಾ, ಗಣಿತ ಟೆಸ್ಟ್ ಏನಾಯ್ತು, ಇಂಥವೇ. ಆ ಹಲಗೆಗಳು ಮುನ್ನೂರಕ್ಕೂ ಹೆಚ್ಚಿದ್ದವಂತೆ. ಈಗ ಊರೂ ಇಲ್ಲ, ಹಲಗೆಯೂ ಇಲ್ಲ.

ಮರುದಿನ ಕಾಲೇಜಿಗೆ ಹೊರಡುವ ಮುಂಚೆ ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಇಡೀ ಒಪ್ಪಂದವನ್ನು ಪ್ರಿಂಟ್ ತೆಗೆಸಿದೆ. 23 ಪುಟ ಆಯಿತು. ಅಂಗಡಿಯವರು ಪಿನ್ನು ಹೊಡೆಯುತ್ತ, “ರೆಂಟಲ್ ಅಗ್ರಿಮೆಂಟಾ ಸಾರ್? ಇಷ್ಟುದ್ದ?” ಎಂದರು. ಅಲ್ಲ ಎಂದೆ. ಓದಿ ಮುಗಿಸಿದ ಮೇಲೆ, ಹೌದು ಎನ್ನಬೇಕಿತ್ತು ಅನ್ನಿಸಿತು.

ಬಾಡಿಗೆ ಕರಾರು ಓದುವುದರಲ್ಲಿ ನಮ್ಮ ಬಡಾವಣೆಯವರು ಪಂಡಿತರು. ಕರಾರು 11 ತಿಂಗಳಿಗೇ ಯಾಕೆ ಎಂದು ಕೇಳಿದರೆ, ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂದು ತರಕಾರಿ ಕೊಳ್ಳುತ್ತಲೇ ಹೇಳುತ್ತಾರೆ. 1908ರ ನೋಂದಣಿ ಕಾಯ್ದೆಯ ಹೆಸರು ಗೊತ್ತಿಲ್ಲದಿದ್ದರೂ ಅದರ ತಿರುಳು ಗೊತ್ತು. ಮನೆ ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ ಎಂಬುದೂ ಗೊತ್ತು. ಬಾಡಿಗೆ, ಭೋಗ್ಯ, ಕ್ರಯ ಈ ಮೂರರ ನಡುವಿನ ಗೆರೆಗಳು ಇಲ್ಲಿ ಎಲ್ಲರಿಗೂ ಸ್ಪಷ್ಟ. ಹತ್ತು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಂಡವರು ಯಾರೂ “ಮನೆ ತಗೊಂಡ್ವಿ” ಎಂದು ಹೋಳಿಗೆ ಹಂಚುವುದಿಲ್ಲ.

ಆಟದ ಅಂಗಡಿಯಲ್ಲಿ ಈ ಗೆರೆಯನ್ನು ಅಳಿಸಿರುತ್ತಾರೆ. ಅಲ್ಲಿನ ಗುಂಡಿಯ ಮೇಲೆ ಇರುವ ಕ್ರಿಯಾಪದ ‘ಕೊಳ್ಳು’. ಒಪ್ಪಂದದ ಎರಡನೇ ಪುಟಕ್ಕೆ ಬಂದರೆ, ಇಲ್ಲಿ ಏನನ್ನೂ ಮಾರಿಲ್ಲ, ಬಳಸಲು ಅನುಮತಿ ಮಾತ್ರ ಕೊಟ್ಟಿದೆ, ಆ ಅನುಮತಿಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂದಿರುತ್ತದೆ. ವ್ಯವಹಾರ ಒಂದೇ, ದುಡ್ಡು ಒಂದೇ, ಕ್ರಿಯಾಪದ ಎರಡು. ದುಡ್ಡು ಕೊಡುವ ಜಾಗದಲ್ಲಿ ಒಂದು, ಯಾರೂ ಓದದ ಜಾಗದಲ್ಲಿ ಇನ್ನೊಂದು. ಇದು ಕ್ಯಾಲಿಫೋರ್ನಿಯಾದ ಶಾಸನಸಭೆಗೂ ಅತಿಯೆನಿಸಿತು. 2024ರಲ್ಲಿ ಅಲ್ಲೊಂದು ಕಾಯ್ದೆ ಬಂತು. ಕೊಡುತ್ತಿರುವುದು ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ ಎಂದು ಅದು ಹೇಳಿತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದಕ್ಕೂ ಮುಂಚೆಯೇ ‘ಸ್ಟೀಮ್’ ಎಂಬ ದೊಡ್ಡ ಆಟದಂಗಡಿ ತನ್ನ ಬುಟ್ಟಿಯ ಪುಟದಲ್ಲಿ ಆ ಅರ್ಥದ ಒಂದು ಸಾಲು ಸೇರಿಸಿತು. ಗುಂಡಿಯ ಪಕ್ಕದಲ್ಲಿ ಒಂದೇ ಒಂದು ಸಾಲು. ಅಷ್ಟಕ್ಕೆ ಒಂದು ಕಾಯ್ದೆ ಬೇಕಾಯಿತು.

ಎರಡು ಕ್ರಿಯಾಪದಗಳ ಅಂತರ ಎಷ್ಟು ಎಂಬುದನ್ನು ‘ದಿ ಕ್ರೂ’ ಆಡಿದವರು ಅನುಭವಿಸಿದ್ದಾರೆ. 2014ರಲ್ಲಿ ಯೂಬಿಸಾಫ್ಟ್ ಬಿಡುಗಡೆ ಮಾಡಿದ ಕಾರು ಓಟದ ಆಟ ಅದು. 2024ರ ಮಾರ್ಚ್ 31ರಂದು ಅದರ ಸರ್ವರುಗಳನ್ನು ನಿಲ್ಲಿಸಿದರು. ದುಡ್ಡು ಕೊಟ್ಟವರ ಸಂಗ್ರಹದಿಂದ ಪರವಾನಗಿಯೂ ಹೋಯಿತು. ಅದರ ಸಿಟ್ಟಿನಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಮನವಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ಪರವಾನಗಿ ಎಂಬ ಪದವೇ ನಮ್ಮಲ್ಲಿ ಸರಿಯಾದ ಚಿತ್ರ ಮೂಡಿಸುವುದಿಲ್ಲ. ಪರವಾನಗಿ ಅಂದರೆ ನಮಗೆ ಡ್ರೈವಿಂಗ್ ಲೈಸೆನ್ಸ್, ಅಂಗಡಿ ಲೈಸೆನ್ಸ್. ಸರ್ಕಾರ ಕೊಡುವಂಥದು, ಪಡೆದವನಿಗೆ ಬಲ ತರುವಂಥದು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ಕರಾವಳಿಯಲ್ಲಿದೆ: ಚಾಲಗೇಣಿ. ಮೂಲಗೇಣಿಯವನ ಕೈಯಲ್ಲಿ ಭೂಮಿ ತಲೆಮಾರುಗಟ್ಟಲೆ ಉಳಿಯುತ್ತಿತ್ತು. ಚಾಲಗೇಣಿಯವನದು ಒಡೆಯನ ಮರ್ಜಿ. ತೆಂಗು ನೆಟ್ಟವನೂ ಬಾವಿ ತೋಡಿದವನೂ ತಾನೇ ಆದರೂ, ಎದ್ದು ಹೋಗು ಅಂದರೆ ಹೋಗಬೇಕು. 1974ರ ಭೂಸುಧಾರಣೆಯಲ್ಲಿ ‘ಉಳುವವನೇ ಹೊಲದೊಡೆಯ’ ಎಂದು ಆ ಲೋಕ ಬದಲಾಯಿತು. ನನ್ನ ಸೋದರಳಿಯ ಮೂರು ವರ್ಷ ಉತ್ತ ಹೊಲ ಚಾಲಗೇಣಿಯದು. ಅವನ ಅಪ್ಪನ ಮುನ್ನೂರು ಸಾಲುಗಳೂ ಆ ಹೊಲದಲ್ಲೇ ನೆಟ್ಟವು.

ನಾನು ಪಾಠ ಮಾಡುವುದು ಯಶವಂತಪುರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ. ಪಠ್ಯದಲ್ಲಿ ಶಾಸನಗಳಿವೆ. ಬಸ್ಸಿನಲ್ಲಿ ಕೂತು ಆ 23 ಪುಟಗಳನ್ನು ಓದುವಾಗ ಪದೇ ಪದೇ ನೆನಪಾದದ್ದು ದಾನಶಾಸನಗಳು. ಮೊದಲು ಇದು ವೃತ್ತಿಯ ಚಟ ಅಂದುಕೊಂಡೆ. ಆಮೇಲೆ ನೋಡಿದರೆ ಎರಡರ ಅಂಗಗಳೂ ಹೆಚ್ಚುಕಡಿಮೆ ಅವೇ: ಕೊಡುವವನ ಬಿರುದಾವಳಿ, ಪಡೆಯುವವನ ಹೆಸರು, ಕೊಟ್ಟದ್ದೇನು, ಅದರ ಎಲ್ಲೆ ಎಲ್ಲಿಯವರೆಗೆ, ಎಷ್ಟು ಕಾಲ, ಮುರಿದವರಿಗೆ ಏನಾಗುತ್ತದೆ. ಶಾಸನ ಓದಿದವರಿಗೆ ಆಟದ ಕರಾರಿನ ಅಸ್ಥಿಪಂಜರ ಕೂಡಲೇ ಕಾಣುತ್ತದೆ. ಆದರೆ ಮೂಳೆಗಳನ್ನು ತಿರುಗಾಮುರುಗಾ ಜೋಡಿಸಿದ್ದಾರೆ.

ಶಾಪವನ್ನೇ ನೋಡಿ. ದಾನಶಾಸನದ ಕೊನೆಯಲ್ಲಿ ಬರುವ ಶಾಪಾಶಯ ಯಾರ ಮೇಲೆ? ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನ ಮೇಲೆ. ಅವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಶಾಪದ ಮೊನೆ ಇರುವುದು ಕೊಟ್ಟ ಅರಸನ ಕಡೆಗೆ, ಅವನ ಮುಂದಿನವರ ಕಡೆಗೆ, ಅಂದರೆ ಅಧಿಕಾರದ ಕಡೆಗೆ. ಕನ್ನಡದ ಮೊದಲ ದೊರೆತ ಶಾಸನವೆಂದು ನಾವು ಕಲಿಸುವ ಹಲ್ಮಿಡಿಯ ಕಲ್ಲಿನಲ್ಲೂ, ಕೊಟ್ಟದ್ದನ್ನು ಕೆಡಿಸಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆ ಇದೆ. ಆಟದ ಒಪ್ಪಂದದಲ್ಲೂ ಶಾಪ ಉಂಟು, ಪುಟ 9ರಿಂದ 14ರವರೆಗೆ ಅದೇ. ಆದರೆ ಎಲ್ಲವೂ ಪಡೆದವನ ತಲೆಯ ಮೇಲೆ. ಕೊಟ್ಟವನು ಕಿತ್ತುಕೊಂಡರೆ ಏನು ಎಂಬುದಕ್ಕೆ ಒಂದೇ ಉತ್ತರ: ಹೊಣೆ ನಮ್ಮದಲ್ಲ.

ಕಾಲವೂ ಹಾಗೆಯೇ. ಅಲ್ಲಿ ಆಚಂದ್ರಾರ್ಕ, ಸೂರ್ಯಚಂದ್ರರಿರುವವರೆಗೆ. ಇಲ್ಲಿ ಯಾವಾಗ ಬೇಕಾದರೂ, ಕಾರಣ ಕೊಟ್ಟೋ ಕೊಡದೆಯೋ. ವಿಜಯನಗರದ ಕಾಲದ ಪತ್ರಗಳಲ್ಲಿ ಪಡೆದವನು ದಾನ ಮಾಡಬಹುದು, ಅಡವಿಡಬಹುದು, ಮಾರಬಹುದು, ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಬಹುದು ಎಂದು ಒಂದೊಂದಾಗಿ ಎಣಿಸುತ್ತಾರೆ. ಇಲ್ಲಿ ಅದೇ ಪಟ್ಟಿ ನಿಷೇಧವಾಗಿ ಬರುತ್ತದೆ: ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಉಯಿಲು ಬರೆದಿಟ್ಟರೂ ಖಾತೆ ಮಕ್ಕಳಿಗೆ ಹೋಗುವುದಿಲ್ಲ ಎಂದು ಸ್ಟೀಮ್‌ನ ಸಹಾಯವಿಭಾಗ 2024ರಲ್ಲಿ ಒಬ್ಬ ಗ್ರಾಹಕನಿಗೆ ಉತ್ತರ ಕೊಟ್ಟದ್ದು ಸುದ್ದಿಯಾಗಿತ್ತು.

ಇನ್ನು ಸಹಿ. ಹಳೆಯ ಪತ್ರಗಳಲ್ಲಿ ಸಹಿಗೆ ‘ಒಪ್ಪ’ ಎನ್ನುತ್ತಾರೆ. ವಿಜಯನಗರದ ತಾಮ್ರಪಟಗಳ ಕೊನೆಗೆ ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುತ್ತದಲ್ಲ, ಅದು ಅರಸನ ಒಪ್ಪ. ಕೊಟ್ಟವನು ಒಪ್ಪ ಹಾಕುತ್ತಾನೆ, ತನ್ನ ಮಾತಿಗೆ ತಾನು ಸಿಕ್ಕಿಬೀಳುತ್ತಾನೆ. ನಮ್ಮ ಫೋನಿನಲ್ಲಿ ‘ಒಪ್ಪಿದೆ’ ಎಂಬ ಗುಂಡಿ ಇರುವುದು ಪಡೆಯುವವನಿಗೆ ಮಾತ್ರ. 23 ಪುಟದಲ್ಲಿ ಕೊಟ್ಟವನ ಒಪ್ಪ ಎಲ್ಲಿಯೂ ಇಲ್ಲ.

ಶಾಸನಗಳ ಕಾಲ ಚಿನ್ನದ ಕಾಲವಾಗಿತ್ತೆಂದು ನಾನು ಹೇಳುತ್ತಿಲ್ಲ. ಊರನ್ನು ದಾನ ಕೊಟ್ಟಾಗ ಆ ಊರಿನಲ್ಲಿ ಉಳುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರು ಹುಡುಕಿ ಸುಸ್ತಾಗಬೇಕು. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನಲ್ಲಿ ಒಬ್ಬ ಸಾಮಾನ್ಯ ಹೋರಾಟಗಾರನ ಹೆಸರು ಉಳಿದಿರುವುದು ಅವನು ಸತ್ತದ್ದರಿಂದ. ಆದರೂ ಒಂದು ಮಾತು ನಿಜ. ಕಲ್ಲಿನ ಮೇಲೆ ಬರೆದವರಿಗೆ ಮುಂದೆ ತಾವೇ, ಅಥವಾ ತಮ್ಮವರೇ, ಕಿತ್ತುಕೊಂಡಾರು ಎಂಬ ಅಂಜಿಕೆ ಇತ್ತು; ಅದಕ್ಕೇ ತಮ್ಮ ಕೈಯನ್ನು ತಾವೇ ಕಟ್ಟಿಕೊಂಡರು.

ಕಲ್ಲನ್ನು ಬದಲಿಸುವುದು ಕಷ್ಟ ಎಂಬ ಅನುಕೂಲವೂ ಇತ್ತು. ಆಟದ ಒಪ್ಪಂದದ ತಲೆಯಲ್ಲಿ ‘ಕೊನೆಯ ಪರಿಷ್ಕರಣೆ’ ಎಂದೊಂದು ದಿನಾಂಕ ಇರುತ್ತದೆ. ಹಿಂದಿನ ಪಾಠ ಎಲ್ಲಿ? ಸೋದರಳಿಯ ಹನ್ನೆರಡನೇ ವಯಸ್ಸಿನಲ್ಲಿ ಗುಂಡಿ ಒತ್ತಿದಾಗ ಹಂಚಿಕೊಳ್ಳುವ ಕಲಮು ಹೀಗೇ ಇತ್ತೇ? ಹಸ್ತಪ್ರತಿ ಸಂಪಾದಿಸುವವರು ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡುತ್ತಾರೆ. ಇಲ್ಲಿ ಹೊಸ ಪಾಠ ಹಳೆಯದನ್ನು ತಿಂದುಹಾಕುತ್ತದೆ, ಮತ್ತು ಆಟ ಮುಂದುವರಿಸಿದರೆ ಹೊಸದಕ್ಕೂ ಒಪ್ಪಿದಂತೆ.

ಈಗ ಅವನ ಕಲಮಿಗೆ ಬರುತ್ತೇನೆ. ಪುಟ 11. ನೀವು ನಿಮ್ಮ ಖಾತೆಯನ್ನು ಬೇರೆಯವರೊಂದಿಗೆ ಹಂಚಿಕೊಳ್ಳಬಾರದು ಎಂಬ ಅರ್ಥದ ವಾಕ್ಯ. ಎಷ್ಟು ಸರಳ ಅನ್ನಿಸುತ್ತದೆ. ಇದನ್ನು ಕನ್ನಡಕ್ಕೆ ತರಲು ಕೂತೆ. ಭಾವನಿಗೆ ಓದಿ ಹೇಳಬೇಕಿತ್ತು. ಮೊದಲ ಪದದಲ್ಲೇ ನಿಂತೆ. ಇಂಗ್ಲಿಷಿನ ಆ ಮಧ್ಯಮಪುರುಷಕ್ಕೆ ‘ನೀನು’ ಎನ್ನಲೋ ‘ನೀವು’ ಎನ್ನಲೋ? ಅಂಗಡಿಯ ಪುಟದಲ್ಲಿ ಅದು ಖಂಡಿತ ‘ನೀವು’, ಬನ್ನಿ ಕೂತ್ಕೊಳ್ಳಿ ಎಂಬ ಧಾಟಿ. ಒಪ್ಪಂದದಲ್ಲಿ ಅದು ಬೇರೆ ದನಿ. ‘ನೀನು’ ಎಂದರೇ ಸತ್ಯಕ್ಕೆ ಹತ್ತಿರ. ಹನ್ನೆರಡು ವರ್ಷದ ಹುಡುಗನಿಗೆ ನಮ್ಮಲ್ಲಿ ಯಾರೂ ‘ನೀವು’ ಎನ್ನುವುದೂ ಇಲ್ಲ.

ಆದರೂ ‘ನೀವು’ ಎಂದೇ ಬರೆದೆ. ಬರೆದ ಮೇಲೆ ವಾಕ್ಯದ ಅರ್ಥವೇ ಬೇರೆಯಾಯಿತು. ನಮ್ಮ ‘ನೀವು’ ಮರ್ಯಾದೆಯೂ ಹೌದು, ಬಹುವಚನವೂ ಹೌದು. “ನೀವು ಯಾವಾಗ ಬರ್ತೀರಾ?” ಎಂದು ಅಕ್ಕನನ್ನು ಕೇಳಿದರೆ ಅವಳು ಮನೆಮಂದಿಯ ಪರವಾಗಿ ಉತ್ತರಿಸುತ್ತಾಳೆ. ಫೋನು ಅವಳದು, ದುಡ್ಡು ಹೋದದ್ದು ಅವಳ ಯುಪಿಐನಿಂದ, ಗುಂಡಿ ಒತ್ತಿದ್ದು ಮಗ, ನೀರು ಬಿಟ್ಟದ್ದು ಅಪ್ಪ. ಆ ಮನೆಯಲ್ಲಿ ‘ನೀವು’ ಅಂದರೆ ಮೂವರು. ಆ ಒಪ್ಪಂದ ಬರೆದವರ ಕಣ್ಣಿನಲ್ಲಿ ಆಟಗಾರನೆಂದರೆ ಒಬ್ಬಂಟಿ: ಅವನಿಗೆ ಸ್ವಂತ ಫೋನು, ಸ್ವಂತ ಕಾರ್ಡು, ಸ್ವಂತ ಕೋಣೆ. ‘ಹಂಚಿಕೊಳ್ಳುವುದು’ ಅಲ್ಲಿ ಕಳ್ಳತನದ ಒಂದು ರೂಪ. ಖಾತೆ ಮಾರಿಕೊಳ್ಳುವ ದಂಧೆಯವರನ್ನು ಹಿಡಿಯಲು ಹೆಣೆದ ಬಲೆ ಅದು ಎಂಬುದನ್ನು ಒಪ್ಪುತ್ತೇನೆ. ಎರಡು ದೇಶದಿಂದ ಒಂದೇ ದಿನ ಒಂದೇ ಖಾತೆಗೆ ಬಂದವರನ್ನು ಯಂತ್ರ ಹಾಗೆಯೇ ಓದುತ್ತದೆ. ಅಪ್ಪ ಎಂಬ ಪದ ಆ ಒಪ್ಪಂದದಲ್ಲಿ ಒಂದೇ ಕಡೆ ಬರುತ್ತದೆ, ಅಪ್ರಾಪ್ತರ ಪರವಾಗಿ ಹೊಣೆ ಹೊರಬೇಕಾದ ಪೋಷಕನಾಗಿ.

ಅದನ್ನು ಓದಿದಾಗ ನಗು ಬಂತು. ಭಾರತೀಯ ಕರಾರು ಕಾಯ್ದೆ 1872ರದು. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಮೊದಲಿನಿಂದಲೇ ಅನೂರ್ಜಿತ ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿಯಾಗಿದೆ. ಅಂದರೆ ಹುಡುಗ ಮುರಿದನೆನ್ನುವ ಒಪ್ಪಂದವನ್ನು ಹುಡುಗ ಮಾಡಿಕೊಂಡಿರಲು ಸಾಧ್ಯವೇ ಇಲ್ಲ. ಇದನ್ನು ಅವನಿಗೆ ಹೇಳಿದೆ. “ಹಾಗಾದ್ರೆ ವಾಪಸ್ ಕೊಡ್ತಾರಾ?” ಎಂದ. ಇಲ್ಲ, ಕರಾರೇ ಇಲ್ಲವೆಂದರೆ ಕೇಳುವುದಕ್ಕೂ ಆಧಾರ ಇರುವುದಿಲ್ಲ ಎಂದೆ. ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಈ ಬಗೆಯ ಒಪ್ಪಂದಗಳನ್ನು ಸಾಲುಸಾಲಾಗಿ ಓದಿದ ದೊಡ್ಡ ಪ್ರಕರಣವೊಂದು ನಮ್ಮ ಊರಿನಿಂದಲೇ ಹೋಗಿದೆ. ಆಟದ್ದಲ್ಲ, ತಂತ್ರಾಂಶದ್ದು. ಹೊರದೇಶದಿಂದ ತರಿಸಿದ ತಂತ್ರಾಂಶಕ್ಕೆ ಕೊಟ್ಟ ಹಣ ಹಕ್ಕುಸ್ವಾಮ್ಯದ ರಾಯಧನವೋ, ಸರಕಿನ ಬೆಲೆಯೋ? ರಾಯಧನವಾದರೆ ಇಲ್ಲಿ ತೆರಿಗೆ ಮುರಿದುಕೊಳ್ಳಬೇಕು. ರಾಯಧನವೇ ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಹೆಸರಿನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಅದನ್ನು ತಿರುಗಿಸಿತು. ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ಬರೆದ ಆ ತೀರ್ಪು ಬಳಕೆದಾರರ ಒಪ್ಪಂದಗಳನ್ನು ಎದುರಿಗಿಟ್ಟುಕೊಂಡು ಓದುತ್ತದೆ. ಪರವಾನಗಿ ಎಂಬ ಹಣೆಪಟ್ಟಿಯನ್ನು ನೋಡಿ ನಿಲ್ಲದೆ, ಒಪ್ಪಂದವನ್ನು ಇಡಿಯಾಗಿ ಓದಿ ವ್ಯವಹಾರದ ನಿಜಸ್ವರೂಪ ಯಾವುದೆಂದು ಕೇಳುತ್ತದೆ. ಬಳಕೆದಾರನಿಗೆ ಹಕ್ಕುಸ್ವಾಮ್ಯದ ಯಾವ ಭಾಗವೂ ಸಿಕ್ಕಿಲ್ಲ, ನಡೆದದ್ದು ಸರಕಿನ ಮಾರಾಟ ಎಂಬ ನಿಲುವಿಗೆ ಬರುತ್ತದೆ.

ಅದು ತೆರಿಗೆಯ ಪ್ರಕರಣ, ನನ್ನ ಸೋದರಳಿಯನಿಗೆ ನೇರವಾಗಿ ಒದಗುವುದಿಲ್ಲ. ವಿಮರ್ಶೆಯ ಪಾಠವಾಗಿ ಮಾತ್ರ ಅದು ನನಗೆ ಇಷ್ಟ. ಒಂದು ಪಠ್ಯ ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತದೆ ಎಂಬುದು ಅದು ಏನು ಎಂಬ ಪ್ರಶ್ನೆಗೆ ಕೊನೆಯ ಉತ್ತರವಲ್ಲ ಎಂದು ನಾವು ತರಗತಿಯಲ್ಲಿ ಹೇಳುವುದನ್ನೇ ನ್ಯಾಯಾಲಯ ಹೇಳಿತು. ಮತ್ತೆ ಒಂದು ತಮಾಷೆಯೂ ಉಂಟು. ತೆರಿಗೆಯವರು ಬಾಗಿಲು ಬಡಿದಾಗ ತಂತ್ರಾಂಶದ ಉದ್ಯಮ, ನಾವು ಸರಕು ಮಾರಿದ್ದು ಅಷ್ಟೇ ಎಂದಿತು. ಹುಡುಗ ಬಾಗಿಲು ಬಡಿದಾಗ ಅದೇ ಬಗೆಯ ಪತ್ರ, ನಾವು ಏನನ್ನೂ ಮಾರಿಲ್ಲ ಎನ್ನುತ್ತದೆ.

ಇಂಥ ಪಠ್ಯಗಳೆಲ್ಲ ಕೆಟ್ಟದಾಗಿಯೇ ಇರಬೇಕೆಂದಿಲ್ಲ. ‘ಮೈನ್‌ಕ್ರಾಫ್ಟ್’ ಆಟದ್ದು ಮಾತಿನ ಧಾಟಿಗೆ ಹತ್ತಿರ. ನಾವು ಮಾಡಿದ್ದನ್ನು ನಮ್ಮನ್ನು ಕೇಳದೆ ಹಂಚಬೇಡಿ ಎಂಬ ಮುಖ್ಯ ನಿಯಮವನ್ನು ನೇರವಾಗಿ ಹೇಳುತ್ತದೆ. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್‌ನವರು ಪೂರ್ಣ ಪಾಠದ ಪಕ್ಕದಲ್ಲೇ ಸಾರಾಂಶವನ್ನೂ ಕೊಟ್ಟಿದ್ದಾರೆ, ನಮ್ಮ ಹಳಗನ್ನಡ ಕಾವ್ಯದ ಗದ್ಯಾನುವಾದದ ಹಾಗೆ. ಯಾರೂ ಓದುವುದಿಲ್ಲ ಎಂಬುದನ್ನು ತೋರಿಸಲು ಬ್ರಿಟನ್ನಿನ ಗೇಮ್‌ಸ್ಟೇಷನ್ ಅಂಗಡಿ 2010ರ ಏಪ್ರಿಲ್ 1ರಂದು, ಗ್ರಾಹಕರು ತಮ್ಮ ಅಮರ ಆತ್ಮವನ್ನು ನಮಗೆ ಒಪ್ಪಿಸುತ್ತಾರೆ ಎಂಬ ಕಲಮು ಸೇರಿಸಿತ್ತು. ಸುಮಾರು 7,500 ಮಂದಿ ಒಪ್ಪಿದರು.

ನನ್ನ ಅನುವಾದ 14ನೇ ಪುಟದಲ್ಲಿ ಮತ್ತೆ ನಿಂತಿತು. ಅಲ್ಲಿಂದ ಎರಡು ಪುಟ ಪೂರ್ತಿ ದೊಡ್ಡಕ್ಷರ. ಭರವಸೆ ಇಲ್ಲ, ಹೊಣೆ ಇಲ್ಲ ಎನ್ನುವ ಭಾಗ ಎದ್ದು ಕಾಣಬೇಕೆಂದು ಅಮೆರಿಕದ ವಾಣಿಜ್ಯ ಸಂಹಿತೆ ಬಯಸುವುದರಿಂದ ವಕೀಲರು ಹಾಗೆ ಬರೆಯುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ? ಅನುವಾದಿಸಿದಾಗ ಅಷ್ಟೂ ಕೂಗಾಟ ಅಡಗಿ, ಯಾರೋ ಮೆಲ್ಲಗೆ ಕೈತೊಳೆದುಕೊಳ್ಳುವ ಸದ್ದಷ್ಟೇ ಉಳಿಯಿತು.

19ನೇ ಪುಟದಲ್ಲಿ, ತಕರಾರಿದ್ದರೆ ಸಮುದ್ರದಾಚೆಯ ಒಂದು ನಗರದಲ್ಲಿ ಪಂಚಾಯಿತಿಗೆ ಬನ್ನಿ ಎಂದಿತ್ತು. 2019ರ ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬುದಕ್ಕೆ ವ್ಯಾಖ್ಯೆ ಇದೆ. ಸರಿಯಾದ ಕಾರಣವಿಲ್ಲದೆ ಒಬ್ಬರೇ ಕರಾರನ್ನು ಮುಗಿಸಿಬಿಡುವ ಅಧಿಕಾರವನ್ನೂ ಅದು ಆ ಪಟ್ಟಿಯಲ್ಲಿ ಹಾಕುತ್ತದೆ. ಅಂಥ ದೂರು ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗುತ್ತದೆ, ದೂರುದಾರರು ವಾಸಿಸುವ ರಾಜ್ಯದಲ್ಲೇ ಕೊಡಬಹುದು. ಅಕ್ಕನಿಗೆ ಹೇಳಿದೆ. ಅವಳು ಖರ್ಚು ಮಾಡಿದ್ದ ಮೊತ್ತ ಎರಡು ಸಾವಿರವೂ ಇರಲಿಲ್ಲ. “ಕೋರ್ಟು ಗೀರ್ಟು ಬೇಡ ಕಣೋ, ಒಂದು ಲೆಟರ್ ಬರ್ದು ನೋಡು” ಎಂದಳು.

ಬರೆದೆ. ಕಾನೂನಿನ ಮಾತು ಒಂದೂ ಹಾಕಲಿಲ್ಲ. ಆ ಖಾತೆಯನ್ನು ಬಳಸುತ್ತಿದ್ದವರು ಯಾರು, ಎಲ್ಲೆಲ್ಲಿರುತ್ತಾರೆ, ಹಲಗೆಗಳ ಮೇಲೆ ಏನು ಬರೆದಿದೆ, ಇಷ್ಟೇ. ಹಂಚಿಕೊಂಡದ್ದು ನಿಜ ಎಂದೂ ಬರೆದೆ. ಮೊದಲು ಯಂತ್ರದ ಉತ್ತರ ಬಂತು, ನಿಮ್ಮ ತಾಳ್ಮೆಗೆ ಧನ್ಯವಾದ ಎಂದು. ಹತ್ತೊಂಬತ್ತನೇ ದಿನ ಖಾತೆ ತೆರೆದುಕೊಂಡಿತು. ಕಾರಣ ಹೇಳಿರಲಿಲ್ಲ. ಇನ್ನೊಮ್ಮೆ ಹಂಚಿಕೊಂಡರೆ ಕಾಯಂ ಮುಚ್ಚುತ್ತೇವೆ ಎಂಬ ಒಂದು ಸಾಲಿತ್ತು. ಹುಡುಗ ಮೊದಲು ಮಾಡಿದ ಕೆಲಸ ಎಲ್ಲ ಹಲಗೆಗಳ ಫೋಟೋ ತೆಗೆದುಕೊಂಡದ್ದು.

ಭಾವ ಬೇರೆಯೇ ಖಾತೆ ಮಾಡಿಕೊಂಡು ಪಕ್ಕದ ಊರಿನವರಾಗಿ ಬರುವುದೆಂದು ತೀರ್ಮಾನವಾಯಿತು. ಆ ಶುಕ್ರವಾರ ಸಂಜೆ ಫೋನಿನಲ್ಲಿ ಅವರಿಗೆ ನನ್ನ ಕನ್ನಡ ಪಾಠವನ್ನು ಓದಿ ಹೇಳತೊಡಗಿದೆ. ಅವರು ಹೂಂಗುಡುತ್ತಿದ್ದರು. ಎರಡನೇ ಪುಟ ಮುಗಿದು ಮೂರನೆಯದಕ್ಕೆ ಬರುವಾಗ ಆ ಕಡೆಯಿಂದ ಆಟದ ಸಂಗೀತ ಕೇಳಿಸಿತು.

“ಭಾವ, ಇನ್ನೂ ಇಪ್ಪತ್ತೊಂದು ಪುಟ ಇದೆ.”

“ನೀವು ಓದ್ತಾ ಇರಿ,” ಎಂದರು. “ನಾನು ಆಗ್ಲೇ ಒತ್ತಿಬಿಟ್ಟೆ. ಮಗ ಬಾಗಿಲ ಹತ್ರ ಕಾಯ್ತಾ ಇದಾನೆ.”